ಮಳೆಗಾಲಕ್ಕೆ ಜೀಪಿಗೆ ಮಡ್ ಟೈರ್ ಹಾಕಿಸಬೇಕಾ? ಹೆಚ್ಚಿನವರಿಗೆ ಬೇಡ ಅಂತೀನಿ ನಾನು

ಮೃಗಶಿರ ಮಳೆ ಹಿಡಿಯೋ ಹೊತ್ತಿಗೆ ನಮ್ಮ ಮಲೆನಾಡಿನ ಪೇಟೆಗಳಲ್ಲಿ ಎರಡು ಅಂಗಡಿ ಮುಂದೆ ಜನ ಜಾಸ್ತಿ. ಒಂದು ಮೈಲುತುತ್ತ ಮಾರೋ ಅಂಗಡಿ, ಇನ್ನೊಂದು ಟೈರ್ ಅಂಗಡಿ. ಮೈಲುತುತ್ತ ಎಷ್ಟು, ಸುಣ್ಣ ಎಷ್ಟು ಅಂತ ಕೇಳಿ, ಅಳೆದು, ತೂಗಿ ತರ್ತೀವಿ. ಟೈರಿನ ವಿಷಯಕ್ಕೆ ಬಂದ್ರೆ ಮಾತ್ರ ಆ ಲೆಕ್ಕಾಚಾರ ಎಲ್ಲ ಮರೆತುಹೋಗುತ್ತೆ. ಫೋನಲ್ಲಿ ಯಾರೋ ಕೆಸರಿನ ಗುಂಡಿಯಿಂದ ಥಾರ್ ಹಾರಿಸಿಕೊಂಡು ಬಂದ ವಿಡಿಯೋ ನೋಡಿರ್ತೀವಿ. ಅಂಗಡಿಯವ "ಇದು ಹಾಕ್ಸಿ, ಗಾಡಿ ಹುಲಿ ಥರ ಹೋಗುತ್ತೆ" ಅಂತಾನೆ. ಹಾಕಿಸಿಕೊಂಡು ಬರ್ತೀವಿ.

ನಾನೂ ಹಾಗೇ ಹಾಕಿಸಿದವನು. ಅದಕ್ಕೇ ಬರೀತಿದ್ದೀನಿ.

ದೊಡ್ಡ ಬಟನ್ ಇರೋ ಮಡ್ ಟೈರ್ ನಾಲ್ಕು ಹಾಕಿಸಿದ್ರೆ, ಅಳತೆ ಮತ್ತು ಕಂಪನಿ ನೋಡಿಕೊಂಡು, ನಲವತ್ತು ಸಾವಿರ ಸುಲಭವಾಗಿ ದಾಟುತ್ತೆ. ಅಷ್ಟು ದುಡ್ಡಿಗೆ ಏನು ಸಿಗುತ್ತೆ, ಏನು ಕಳೆದುಹೋಗುತ್ತೆ ಅಂತ ಕೂತು ಲೆಕ್ಕ ಹಾಕಿದವರು ನನಗೆ ಕಂಡಿದ್ದು ಕಡಿಮೆ. ಸಿಗೋದು ಎಲ್ಲರಿಗೂ ಗೊತ್ತು: ಕೆಸರಲ್ಲಿ ಗಾಡಿ ಹೂತುಹೋಗಲ್ಲ. ಕಳೆದುಹೋಗೋದು ಒದ್ದೆ ಟಾರ್ ರಸ್ತೆಯಲ್ಲಿ ಬ್ರೇಕು. ಇದನ್ನ ಅಂಗಡಿಯವ ಹೇಳಲ್ಲ, ವಿಡಿಯೋದಲ್ಲೂ ತೋರಿಸಲ್ಲ.

ಮೊದಲು ಒಂದು ತಪ್ಪು ತಿಳಿವಳಿಕೆ ಬಗೆಹರಿಸಿಕೊಳ್ಳೋಣ. ಫೋರ್ ಬೈ ಫೋರ್ ಅಂದ್ರೆ ಇಂಜಿನ್ನಿನ ಶಕ್ತಿ ನಾಲ್ಕೂ ಗಾಲಿಗೆ ಹೋಗುತ್ತೆ ಅಂತ ಅಷ್ಟೇ. ಗಾಡಿ ಹೊರಡೋಕೆ, ಏರು ಹತ್ತೋಕೆ, ರಾಡಿಯಿಂದ ಎದ್ದು ಬರೋಕೆ ಅದು ಬೇಕು. ನಿಲ್ಲಿಸೋ ವಿಷಯದಲ್ಲಿ ಅದು ಮಾರುತಿ ಎಂಟ್ನೂರಿಗಿಂತ ಹೆಚ್ಚಿನದೇನೂ ಮಾಡಲ್ಲ. ಬ್ರೇಕು ಎಲ್ಲ ಕಾರಿಗೂ ನಾಲ್ಕು ಗಾಲಿಗೇ ಇರೋದು. ಬ್ರೇಕ್ ಒತ್ತಿದಾಗ ಗಾಡಿಯನ್ನ ಹಿಡಿದು ನಿಲ್ಲಿಸೋದು ಒಂದೊಂದು ಗಾಲಿ ಅಡಿಯಲ್ಲಿ ರಸ್ತೆಗೆ ಅಂಟಿಕೊಂಡಿರೋ, ಹೆಚ್ಚುಕಡಿಮೆ ಅಂಗೈಯಗಲದ ರಬ್ಬರು. ಗೇರ್ ಬದಲಿಸೋ ಇನ್ನೊಂದು ಲಿವರ್ ಪಕ್ಕದಲ್ಲಿದೆ ಅಂತ ಆ ರಬ್ಬರು ಜಾಸ್ತಿ ಹಿಡಿಯಲ್ಲ. ಇಳಿಜಾರಿನ ಮಣ್ಣು ರಸ್ತೆಯಲ್ಲಿ ಫೋರ್ ಲೋ ಹಾಕಿ ಇಳಿದ್ರೆ ಇಂಜಿನ್ನೇ ನಾಲ್ಕೂ ಗಾಲಿಯನ್ನ ಹಿಡಿದುಕೊಂಡು ಇಳಿಸುತ್ತೆ ನಿಜ. ಆದ್ರೆ ಟಾರ್ ರಸ್ತೆಯಲ್ಲಿ ಯಾರೂ ಫೋರ್ ಲೋ ಹಾಕಿಕೊಂಡು ಹೋಗಲ್ಲ, ಹೋಗಲೂಬಾರದು.

ಹಿಮ ಬೀಳೋ ದೇಶಗಳ ಜನ ಈ ಪಾಠವನ್ನ ನಮಗಿಂತ ಮುಂಚೆ ಕಲಿತಿದ್ದಾರೆ. ಸ್ವೀಡನ್ನಿನಲ್ಲಿ ಡಿಸೆಂಬರ್ 1ರಿಂದ ಮಾರ್ಚ್ 31ರವರೆಗೆ ರಸ್ತೆ ಹಿಮದ ಸ್ಥಿತಿಯಲ್ಲಿದ್ರೆ ಚಳಿಗಾಲದ ಟೈರ್ ಇರಲೇಬೇಕು. ಜರ್ಮನಿಯಲ್ಲಿ ತಾರೀಕಿಲ್ಲ, ರಸ್ತೆ ಹಿಮಗಟ್ಟಿದ್ರೆ ಅಂಥ ಟೈರ್ ಇಲ್ಲದೆ ಹೊರಡೋ ಹಾಗಿಲ್ಲ. ಫೋರ್ ಬೈ ಫೋರ್ ಕಾರಿಗೆ ಅಂತ ರಿಯಾಯಿತಿ ಇಲ್ಲ. ದೊಡ್ಡ ಗಾಡಿ ಇಟ್ಟುಕೊಂಡವರು ಅಲ್ಲೂ "ನಂದು ಫೋರ್ ವೀಲ್ ಡ್ರೈವ್, ನನಗ್ಯಾಕೆ ಬೇರೆ ಟೈರ್" ಅಂತ ವಾದ ಮಾಡ್ತಾರೆ. ಅದಕ್ಕೆ ಅಲ್ಲಿ ಸಿಗೋ ಉತ್ತರವೂ ಇದೇ: ಹೊರಡೋಕೆ ನಾಲ್ಕು ಗಾಲಿ ಸಾಕು, ನಿಲ್ಲೋಕೆ ಟೈರೇ ಬೇಕು.

ಹಾಗಂತ ಅವರ ಟೈರ್ ನಮಗಲ್ಲ. ಚಳಿಗಾಲದ ಟೈರಿನ ರಬ್ಬರು ಮೆತ್ತಗೆ. ಸುಮಾರು 7 ಡಿಗ್ರಿಗಿಂತ ಕೆಳಗೆ ಸಾಮಾನ್ಯ ಟೈರು ಗಟ್ಟಿಯಾಗಿ ಹಿಡಿತ ಕಳೆದುಕೊಳ್ಳುತ್ತೆ, ಅಲ್ಲಿ ಇದು ಕೆಲಸ ಮಾಡುತ್ತೆ. ನಮ್ಮ ಬಿಸಿಲಿಗೆ ಹಾಕಿದ್ರೆ ಪೆನ್ಸಿಲ್ ರಬ್ಬರಿನ ಥರ ಸವೆದುಹೋಗುತ್ತೆ. ಇಲ್ಲಿ ಇದನ್ನ ಯಾಕೆ ಹೇಳ್ತೀನಿ ಅಂದ್ರೆ, ನಮ್ಮ ಎಸ್‌ಯುವಿ ಟೈರುಗಳ ಪಕ್ಕದಲ್ಲಿ "ಎಂ ಪ್ಲಸ್ ಎಸ್" ಅಂತ ಅಚ್ಚು ಇರೋದನ್ನ ನೀವು ನೋಡಿರ್ತೀರಿ. ಕೆಸರು ಮತ್ತು ಹಿಮ ಅಂತ ಅದರ ಅರ್ಥ. ಅದನ್ನ ನೋಡಿ "ನಂದು ಕೆಸರಿಗೆ ಆಗೋ ಟೈರು" ಅಂತ ಧೈರ್ಯ ಮಾಡೋ ಹುಡುಗರಿದ್ದಾರೆ. ಅದು ಟೈರ್ ಮಾಡಿದ ಕಂಪನಿ ಬಟನ್ನಿನ ವಿನ್ಯಾಸ ನೋಡಿ ತಾನೇ ಹಾಕಿಕೊಳ್ಳೋ ಗುರುತು, ಯಾವ ಪರೀಕ್ಷೆಯೂ ಅದರ ಹಿಂದೆ ಇಲ್ಲ. ಹಿಮದ ಮೇಲೆ ಓಡಿಸಿ ಪಾಸಾದ ಟೈರಿಗೆ ಮೂರು ಶಿಖರದ ಬೆಟ್ಟದ ಒಳಗೆ ಹಿಮದ ಹರಳಿನ ಚಿತ್ರ ಇರುತ್ತೆ. ಕೆಸರಿಗೆ ಅಂಥ ಪರೀಕ್ಷೆಯ ಗುರುತೇ ಇಲ್ಲ. ಹಾಗಾಗಿ ನಮ್ಮ ಕೆಸರಿನ ಪರೀಕ್ಷೆ ನಾವೇ ಮಾಡಿಕೊಳ್ಳಬೇಕು.

ನನ್ನ ಪರೀಕ್ಷೆ ಹೀಗಾಯ್ತು

ನನ್ನದು 2012ರ ಮಾಡೆಲ್ಲಿನ ಫೋರ್ ಬೈ ಫೋರ್, ಎಬಿಎಸ್ ಇಲ್ಲ. ಮನೆಯಿಂದ ಕೆಳಗಿನ ತೋಟಕ್ಕೆ ಒಂದೂವರೆ ಕಿಲೋಮೀಟರ್ ಮಣ್ಣು ರಸ್ತೆ. ಕೆಂಪು ಜೇಡಿ, ನಡುವೆ ಎರಡು ಕಡೆ ಊಟೆ ನೀರು ಹರಿಯೋ ಜಾಗ. ಪೇಟೆಗೆ ಹದಿನಾಲ್ಕು ಕಿಲೋಮೀಟರ್ ಟಾರು. ಮೊದಲಿದ್ದ ಸಾದಾ ಟೈರಲ್ಲಿ ಜುಲೈ ಬಂತು ಅಂದ್ರೆ ಆ ಎರಡು ಜಾಗದಲ್ಲಿ ಗಾಡಿ ಹೂತುಕೊಳ್ಳೋದು, ಪಕ್ಕದ ಮನೆ ಟ್ರ್ಯಾಕ್ಟರ್ ಕರೆಯೋದು. ಬೇಸರ ಬಂದು ಮಡ್ ಟೈರ್ ಹಾಕಿಸಿದೆ. ಮೊದಲ ತಿಂಗಳು ನನ್ನಷ್ಟು ಖುಷಿ ಪಟ್ಟವರು ಯಾರೂ ಇಲ್ಲ. ಮೇಕೆ ಹತ್ತಿದ ಹಾಗೆ ಹತ್ತೋದು ಗಾಡಿ. ಬೇಕು ಅಂತಲೇ ರಾಡಿ ಇದ್ದ ಕಡೆ ಇಳಿಸಿ ಹತ್ತಿಸ್ತಿದ್ದೆ.

ಪುಷ್ಯ ಮಳೆ ಒಂದು ದಿನ ಹೊಳವು ಕೊಟ್ಟಾಗ ಎರಡನೇ ಸಲದ ಕೊಳೆ ಔಷಧಿ ಹೊಡೆಸಿದ್ವಿ. ಸಂಜೆ ನಮ್ಮ ಕೊನೆಗಾರರನ್ನ ಅವರ ಮನೆಗೆ ಬಿಡೋಕೆ ಹೊರಟೆ. ಹಿಂದೆ ಪಂಪು, ಪೈಪು, ಇನ್ನೂರು ಲೀಟರ್ ಡ್ರಮ್ಮಲ್ಲಿ ಉಳಿದ ಅರ್ಧ ಡ್ರಮ್ ಔಷಧಿ, ಅದರ ಪಕ್ಕದಲ್ಲಿ ಅವರು. ಮಣ್ಣು ರಸ್ತೆ ಒಂದು ಚೂರೂ ಜಾರದೆ ಹತ್ತಿ ಟಾರಿಗೆ ಬಂದ್ವಿ. ಜಿಟಿಜಿಟಿ ಮಳೆ ಶುರುವಾಗಿತ್ತು. ಮರದ ನೆರಳಿನ ತಿರುವು, ರಸ್ತೆ ಅಂಚಲ್ಲಿ ಪಾಚಿ. ನನ್ನ ವೇಗ ನಲವತ್ತರ ಆಸುಪಾಸು, ಜಾಸ್ತಿ ಏನಲ್ಲ. ಎದುರಿಗೆ ಬಸ್ಸು ಬಂತು. ಬ್ರೇಕ್ ಒತ್ತಿದೆ. ಗಾಲಿ ನಿಂತವು, ಗಾಡಿ ನಿಲ್ಲಲಿಲ್ಲ. ಸಾಬೂನಿನ ಮೇಲೆ ಕಾಲಿಟ್ಟ ಹಾಗೆ ನೇರ ಹೋಗಿ ಎಡಗಡೆ ಧರೆಗೆ ಗುದ್ದಿತು. ಬಸ್ಸಿಗೆ ತಗುಲಲಿಲ್ಲ, ನನಗೂ ಏನಾಗಲಿಲ್ಲ. ಹಿಂದಿದ್ದ ಡ್ರಮ್ಮು ಜಾರಿ ಕೊನೆಗಾರರ ಕಾಲ ಮೇಲೆ ಬಂತು.

ಮೊಣಕಾಲಿನ ಕೆಳಗಿನ ಎಲುಬು ಮುರಿದಿತ್ತು. ಮರ ಹತ್ತಿಯೇ ಬದುಕೋ ಮನುಷ್ಯ. ಆ ವರ್ಷದ ಕೊಯ್ಲಿಗೆ ಅವರು ಮರ ಹತ್ತಲಿಲ್ಲ. ಆಸ್ಪತ್ರೆ ಖರ್ಚು ನಾನು ಕೊಟ್ಟೆ, ಕೂಲಿ ಕೊಟ್ಟೆ, ಕೊಡಲೇಬೇಕಿತ್ತು. ಆದ್ರೆ ಅವರ ಹೆಂಡತಿ ಆಸ್ಪತ್ರೆ ಜಗಲಿಯಲ್ಲಿ ಕೂತು ನನ್ನ ಮುಖ ನೋಡದೆ "ಹೊಸ ಟೈರು ಅಂತಿದ್ರಿ ಮಾರಾಯ್ರೆ" ಅಂದಿದ್ದಕ್ಕೆ ನನ್ನ ಹತ್ರ ಉತ್ತರ ಇರಲಿಲ್ಲ.

ಡ್ರಮ್ ಕಟ್ಟದೇ ಇದ್ದದ್ದು, ಅದರ ಪಕ್ಕ ಮನುಷ್ಯರನ್ನ ಕೂರಿಸಿದ್ದು ನನ್ನ ತಪ್ಪು. ಟೈರಿನ ಮೇಲೆ ಎಲ್ಲ ಹಾಕಿ ಕೈ ತೊಳೆದುಕೊಳ್ಳಲ್ಲ. ಆದ್ರೆ ಅದೇ ತಿರುವಿನಲ್ಲಿ, ಅದೇ ವೇಗದಲ್ಲಿ, ಹಳೇ ಸಾದಾ ಟೈರಲ್ಲಿ ನೂರಾರು ಸಲ ಬ್ರೇಕ್ ಹಾಕಿದ್ದೆ. ಹೀಗಾಗಿರಲಿಲ್ಲ.

ಯಾಕೆ ಹೀಗೆ ಅನ್ನೋದು ಕಷ್ಟದ ವಿಷಯವೇನಲ್ಲ. ಕೆಸರಲ್ಲಿ ಸಾದಾ ಟೈರಿನ ಸಣ್ಣ ಗೆರೆಗಳು ಮಣ್ಣು ತುಂಬಿಕೊಂಡು ಟೈರು ನುಣ್ಣನೆ ಒನಕೆ ಆಗುತ್ತೆ. ಮಡ್ ಟೈರಿನ ಬಟನ್ನುಗಳ ನಡುವೆ ದೊಡ್ಡ ಜಾಗ ಇರೋದರಿಂದ ಗಾಲಿ ತಿರುಗುವಾಗ ಮಣ್ಣು ಕಿತ್ತು ಎಸೆದು ಮತ್ತೆ ಹಿಡಿಯುತ್ತೆ. ಕೆಸರಲ್ಲಿ ಗುಣವಾಗಿದ್ದ ಆ ಖಾಲಿ ಜಾಗವೇ ಟಾರಿಗೆ ಬಂದಾಗ ದೋಷ. ರಸ್ತೆ ಮುಟ್ಟೋ ರಬ್ಬರು ಕಡಿಮೆ ಆಗುತ್ತೆ. ಕಲ್ಲಿಗೆ ತರಿಯದಿರಲಿ ಅಂತ ರಬ್ಬರನ್ನೂ ಸಾಮಾನ್ಯವಾಗಿ ಗಟ್ಟಿ ಮಾಡಿರ್ತಾರೆ. ರಸ್ತೆ ಮೇಲಿನ ತೆಳು ನೀರನ್ನ ಕತ್ತರಿಸೋ ಸಣ್ಣ ಸೀಳುಗಳು ಅದರಲ್ಲಿ ಕಡಿಮೆ. ಒಣ ರಸ್ತೆಯಲ್ಲಿ ಗೊತ್ತಾಗಲ್ಲ, ಸದ್ದು ಜಾಸ್ತಿ ಅನ್ನೋದು ಬಿಟ್ರೆ. ಒದ್ದೆಯಲ್ಲಿ ಗೊತ್ತಾಗುತ್ತೆ. ನಲವತ್ತರ ವೇಗದಲ್ಲಿ ಗಾಡಿ ಒಂದು ಸೆಕೆಂಡಿಗೆ 11 ಮೀಟರ್ ಹೋಗುತ್ತೆ. ಕಾಲು ಬ್ರೇಕಿಗೆ ಹೋಗೋ ಹೊತ್ತಿಗೆ ಅಷ್ಟು ಮುಗಿದಿರುತ್ತೆ, ಉಳಿದದ್ದು ಟೈರಿನ ಕೈಯಲ್ಲಿ. ವೇಗ ಎರಡರಷ್ಟಾದ್ರೆ ಬ್ರೇಕ್ ಹಾಕಿದ ಮೇಲೆ ಹೋಗೋ ದೂರ ನಾಲ್ಕರಷ್ಟು.

ಊರಿಗೆ ಬಂದವಳು ನೀರಿಗೆ ಬಾರದೆ ಇರ್ತಾಳಾ ಅನ್ನೋ ಹಾಗೆ, ತೋಟಕ್ಕೆ ಇಳಿದ ಜೀಪು ಟಾರಿಗೆ ಬರಲೇಬೇಕು. ನಮ್ಮಲ್ಲಿ ಮಳೆಗಾಲ ಅಂದ್ರೆ ಒಂದೆರಡು ವಾರದ್ದಲ್ಲ. ಆಗುಂಬೆ ಕಡೆ ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿಗೂ ಮೇಲೆ ಸುರಿಯುತ್ತೆ. ಜೂನಿಂದ ಸೆಪ್ಟೆಂಬರ್ ತನಕ ಟಾರ್ ರಸ್ತೆ ಒಣಗೋದೇ ಅಪರೂಪ. ನೀವು ಯಾವ ರಸ್ತೆಯಲ್ಲಿ ಎಷ್ಟು ಓಡಿಸ್ತೀರಿ ಅಂತ ಒಂದು ವಾರ ಫೋನಲ್ಲಿ ಬರೆದಿಡಿ. ಕಿಲೋಮೀಟರ್ ಮೀಟರ್ ನೋಡಿ, ಮಣ್ಣು ಇಷ್ಟು, ಟಾರು ಇಷ್ಟು, ಅಷ್ಟೇ. ನನ್ನ ಲೆಕ್ಕದಲ್ಲಿ ಹತ್ತಕ್ಕೆ ಒಂಬತ್ತು ಕಿಲೋಮೀಟರ್ ಟಾರೇ ಬಂತು. ಒಂದು ಕಿಲೋಮೀಟರಿನ ಸುಖಕ್ಕೆ ಒಂಬತ್ತು ಕಿಲೋಮೀಟರಿನ ಬ್ರೇಕು ಕೊಟ್ಟಿದ್ದೆ ನಾನು.

ರಸ್ತೆಗೇ ಮೊದಲು ಖರ್ಚು ಮಾಡಿ

ಇದನ್ನ ಹೇಳಿದ್ರೆ ಹುಡುಗರು ನಗ್ತಾರೆ, ಆದ್ರೂ ಹೇಳ್ತೀನಿ. ನಿಮ್ಮ ತೋಟದ ರಸ್ತೆ ಪೂರ್ತಿ ಕೆಟ್ಟಿರಲ್ಲ. ಗಾಡಿ ಹೂತುಕೊಳ್ಳೋದು ಪ್ರತಿ ವರ್ಷ ಅದೇ ಎರಡು ಮೂರು ಜಾಗದಲ್ಲಿ. ಒಂದು ಮಳೆ ದಿನ ಛತ್ರಿ ಹಿಡಿದು, ಕಂಬಳಿ ಹೊದ್ದಾದ್ರೂ ಸರಿ, ರಸ್ತೆ ಉದ್ದಕ್ಕೂ ನಡೆದು ನೋಡಿ. ನೀರು ಎಲ್ಲಿಂದ ರಸ್ತೆಗೆ ಬರುತ್ತೆ, ಎಲ್ಲಿ ನಿಲ್ಲುತ್ತೆ ಅನ್ನೋದು ಬೇಸಿಗೆಯಲ್ಲಿ ಕಾಣಲ್ಲ. ನನ್ನ ರಸ್ತೆಯಲ್ಲಿ ಮೇಲಿನ ಧರೆಯಿಂದ ಬರೋ ನೀರು ಚರಂಡಿ ಮುಚ್ಚಿಹೋಗಿದ್ದಕ್ಕೆ ರಸ್ತೆ ಮೇಲೇ ಹರೀತಿತ್ತು. ಚರಂಡಿ ಬಿಡಿಸಿ, ಎರಡು ಕಡೆ ಅಡ್ಡಕ್ಕೆ ಮೋರಿ ಪೈಪು ಹಾಕಿಸಿ, ಹೂತುಕೊಳ್ಳೋ ಜಾಗಕ್ಕೆ ಒಡೆದ ಜಂಬಿಟ್ಟಿಗೆ ತುಂಡು ಮತ್ತು ದಪ್ಪ ಜಲ್ಲಿ ತುಂಬಿಸಿದೆ. ಮೇಲೆ ಬರೀ ಮಣ್ಣು ಹಾಕಿದ್ರೆ ಪ್ರಯೋಜನ ಇಲ್ಲ, ಎರಡು ಮಳೆಗೆ ಮತ್ತೆ ರಾಡಿ. ಟೈರಿಗೆ ಕೊಟ್ಟದ್ದಕ್ಕಿಂತ ಕಡಿಮೆ ಖರ್ಚಾಯ್ತು. ಟೈರು ನಾಲ್ಕು ವರ್ಷಕ್ಕೆ ಸವೆಯುತ್ತೆ. ಚರಂಡಿಯನ್ನ ವರ್ಷಕ್ಕೊಂದು ಸಲ ಗುದ್ದಲಿ ಹಿಡಿದು ಬಿಡಿಸಿದ್ರೆ ಸಾಕು. ಮತ್ತೆ ಆ ರಸ್ತೆಯಲ್ಲಿ ಜೀಪಷ್ಟೇ ಅಲ್ಲ, ಬೈಕು, ಆಟೋ, ಅಡಿಕೆ ಒಯ್ಯೋ ಪಿಕಪ್ಪು ಎಲ್ಲ ಹೋಗುತ್ತೆ. ಅವಕ್ಕೆಲ್ಲ ಮಡ್ ಟೈರ್ ಹಾಕಿಸೋಕಾಗುತ್ತಾ?

ಉಳಿದ ಜಾರಿಕೆಗೆ ನಮ್ಮ ಹಿರಿಯರ ಹತ್ರ ಮದ್ದು ಇತ್ತು: ಸರಪಳಿ. ಮಲೆನಾಡು, ಕೊಡಗಿನ ಹಳೇ ಜೀಪುಗಳನ್ನ ನೋಡಿದವರಿಗೆ ಗೊತ್ತು, ಮಳೆಗಾಲದಲ್ಲಿ ಗಾಲಿಗೆ ಕಬ್ಬಿಣದ ಚೈನ್ ಸುತ್ತಿಕೊಂಡು ಝಣಝಣ ಅಂತ ಬರ್ತಿದ್ವು. ಈಗ ಅದು ಹಳೇ ಕಾಲದ್ದು ಅಂತ ಬಿಟ್ಟಿದ್ದೀವಿ. ನನ್ನ ಮಟ್ಟಿಗೆ ಬುದ್ಧಿವಂತಿಕೆ ಇರೋದು ಅದರಲ್ಲೇ. ಕೆಸರಿಗೆ ಬೇಕಾದ ಹಲ್ಲು ಕೆಸರಲ್ಲಿ ಮಾತ್ರ ಇರುತ್ತೆ, ಟಾರಿಗೆ ಬರುವಾಗ ಬಿಚ್ಚಿ ಹಿಂದೆ ಹಾಕ್ತೀರಿ. ಸೋಮಾರಿಗಳಿಗೆ ಮಾತ್ರ ಇದು ಆಗಲ್ಲ.

ಚೈನ್ ಬಗ್ಗೆ ಗೊತ್ತಿರಬೇಕಾದ್ದು ಇಷ್ಟು. ರಾಡಿ ಶುರುವಾಗೋ ಮುಂಚೆ, ಗಟ್ಟಿ ನೆಲದಲ್ಲೇ ಹಾಕಿ. ಹೂತುಕೊಂಡ ಮೇಲೆ ಕೆಸರಲ್ಲಿ ಮಲಗಿ ಹಾಕೋದು ನರಕ. ಒಂದೇ ಗಾಲಿಗೆ ಎಂದೂ ಹಾಕಬೇಡಿ, ಒಂದು ಆಕ್ಸೆಲಿನ ಎರಡೂ ಗಾಲಿಗೆ ಹಾಕಬೇಕು. ಬರೀ ಮುಂದಿನ ಗಾಲಿಗೆ ಹಾಕಿ ಇಳಿಜಾರು ಇಳಿದ್ರೆ ಹಿಂಭಾಗ ತಿರುಗಿ ಗಾಡಿ ಅಡ್ಡ ನಿಲ್ಲಬಹುದು. ಬರೀ ಹಿಂದೆ ಹಾಕಿದ್ರೆ ಸ್ಟೇರಿಂಗ್ ತಿರುಗಿಸಿದ್ರೂ ಮೂತಿ ತಿರುಗಲ್ಲ. ಕಡಿದಾದ ಇಳಿಜಾರಿದ್ರೆ ನಾಲ್ಕಕ್ಕೂ ಹಾಕೋದೇ ಸರಿ. ಹೊಸ ಗಾಡಿಗಳಲ್ಲಿ ಗಾಲಿ ಮತ್ತು ಮಡ್‌ಗಾರ್ಡ್ ನಡುವೆ ಜಾಗ ಕಡಿಮೆ ಇರುತ್ತೆ. ಬ್ರೇಕ್ ಪೈಪಿಗೆ ಚೈನ್ ಬಡಿದ್ರೆ ಕಥೆ ಮುಗೀತು. ಹಾಗಾಗಿ ಕೈಪಿಡಿ ಏನು ಹೇಳುತ್ತೆ ನೋಡಿ. ಹಾಕಿ ಹತ್ತು ಮಾರು ಹೋದ ಮೇಲೆ ಇಳಿದು ಮತ್ತೊಮ್ಮೆ ಬಿಗಿ ಮಾಡಿ. ನಡಿಗೆಗಿಂತ ಸ್ವಲ್ಪ ಜಾಸ್ತಿ ವೇಗ ಸಾಕು.

ಹಾಗಾದ್ರೆ ಯಾವ ಟೈರು?

ಮನೆ ತನಕ ಅರ್ಧ, ಒಂದು, ಎರಡು ಕಿಲೋಮೀಟರ್ ಮಣ್ಣು, ಮಿಕ್ಕಿದ್ದೆಲ್ಲ ಟಾರು ಅನ್ನೋರಿಗೆ, ಅಂದ್ರೆ ನಮ್ಮಲ್ಲಿ ಹೆಚ್ಚಿನವರಿಗೆ, ಎರಡಕ್ಕೂ ಹೊಂದೋ ಎಟಿ ಟೈರ್ ಸಾಕು. ಆಲ್ ಟೆರೇನ್ ಅಂತಾರಲ್ಲ, ಅದು. ಕೆಸರಲ್ಲಿ ಮಡ್ ಟೈರಿನಷ್ಟು ಇಲ್ಲ, ಸಾದಾ ಟೈರಿಗಿಂತ ಎಷ್ಟೋ ವಾಸಿ. ಬಟನ್ನುಗಳಲ್ಲಿ ಸಣ್ಣ ಸೀಳುಗಳಿರೋದನ್ನ ನೋಡಿ ತಗೊಳ್ಳಿ, ಒದ್ದೆ ರಸ್ತೆಗೆ ಅದು ಬೇಕು. ಜೊತೆಗೆ ಒಂದು ಜೊತೆ ಚೈನ್.

ಅಗಲದ ಟೈರಿನ ಹುಚ್ಚು ಬೇರೆ ಹಿಡಿದಿದೆ. ಅದರ ಬಗ್ಗೆ ಒಂದು ಮಾತು. ಹಳೇ ಮಹೀಂದ್ರ ಜೀಪುಗಳಿಗೆ ಇದ್ದದ್ದು 6.00-16 ಅಳತೆಯ ಕಿರಿದಾದ ಟೈರು. ನೋಡೋಕೆ ಸೈಕಲ್ ಗಾಲಿ ಥರ ಕಾಣುತ್ತೆ ಅಂತ ಈಗಿನವರು ನಗ್ತಾರೆ. ಆದ್ರೆ ನಮ್ಮ ರಸ್ತೆಗಳಲ್ಲಿ ಮೇಲೆ ನಾಲ್ಕು ಇಂಚು ರಾಡಿ ಇದ್ರೂ ಅಡಿಯಲ್ಲಿ ಗಟ್ಟಿ ಜಂಬಿಟ್ಟಿಗೆ ನೆಲ ಇರುತ್ತೆ. ಕಿರಿದಾದ ಟೈರು ಚಾಕುವಿನ ಹಾಗೆ ರಾಡಿಯನ್ನ ಸೀಳಿ ಆ ನೆಲ ಮುಟ್ಟಿ ಹಿಡಿಯುತ್ತೆ. ಅಗಲದ್ದು ರಾಡಿ ಮೇಲೇ ತೇಲಿಕೊಂಡು ಜಾರುತ್ತೆ. ಅಗಲ ಟೈರು ಬೇಕಾಗೋದು ಗದ್ದೆಯಂಥ, ಎಷ್ಟು ಇಳಿದ್ರೂ ಅಡಿ ಸಿಗದ ಕಡೆ, ಇಲ್ಲ ಮರಳಲ್ಲಿ. ಗದ್ದೆಗೆ ಜೀಪು ಇಳಿಸೋ ಕೆಲಸ ನಮಗೇನಿದೆ? ಕಂಪನಿ ಕೊಟ್ಟ ಅಳತೆಯನ್ನೇ ಇಟ್ಟುಕೊಳ್ಳಿ. ಟೈರು ದೊಡ್ಡದಾದಷ್ಟೂ ಸ್ಪೀಡೋಮೀಟರ್ ನಿಜವಾದ ವೇಗಕ್ಕಿಂತ ಕಡಿಮೆ ತೋರಿಸೋಕೆ ಶುರುಮಾಡುತ್ತೆ ಅನ್ನೋದೂ ನೆನಪಿರಲಿ.

ದುಡ್ಡು ಉಳಿಸೋಕೆ ಹಿಂದಿನ ಎರಡಕ್ಕೆ ಮಾತ್ರ ಮಡ್ ಟೈರ್ ಹಾಕಿಸೋರಿದ್ದಾರೆ. ಫೋರ್ ಬೈ ಫೋರ್ ಗಾಡಿಗೆ ಇದು ಎರಡು ರೀತಿ ನಷ್ಟ. ಮುಂದೊಂದು ಹಿಂದೊಂದು ಹಿಡಿತ ಇರೋ ಗಾಡಿ ಒದ್ದೆಯಲ್ಲಿ ಯಾವಾಗ ಯಾವ ಕಡೆ ಮೂತಿ ತಿರುಗಿಸುತ್ತೆ ಹೇಳೋಕಾಗಲ್ಲ. ಇನ್ನೊಂದು, ಟೈರಿನ ಎತ್ತರದಲ್ಲಿ ವ್ಯತ್ಯಾಸ ಇದ್ರೆ ಫೋರ್ ಹಾಕಿದಾಗ ಮುಂದಿನ ಮತ್ತು ಹಿಂದಿನ ಆಕ್ಸೆಲ್ ಒಂದನ್ನೊಂದು ಎಳೆದಾಡ್ತವೆ, ಟ್ರಾನ್ಸ್‌ಫರ್ ಕೇಸಿಗೆ ಪೆಟ್ಟು. ಥಾರ್, ಜಿಮ್ನಿ, ಜಿಪ್ಸಿ, ಹಳೇ ಜೀಪು ಎಲ್ಲ ಲಿವರ್ ಹಾಕಿದಾಗ ಮಾತ್ರ ಫೋರ್ ಆಗೋ ಗಾಡಿಗಳು. ಇವುಗಳ ನಾಲ್ಕೂ ಟೈರು ಒಂದೇ ಅಳತೆ, ಹೆಚ್ಚುಕಡಿಮೆ ಒಂದೇ ಸವೆತ ಇರಬೇಕು. ಒಣ ಟಾರಲ್ಲಿ ಫೋರ್ ಹಾಕಬಾರದು ಅನ್ನೋದೂ ಇದೇ ಕಾರಣಕ್ಕೆ.

ಹೊಸ ಟೈರ್ ಕೊಳ್ಳೋ ಮುಂಚೆ ಈಗಿರೋದನ್ನ ನೋಡಿ. ತೋಟದ ಜೀಪುಗಳದ್ದು ಒಂದು ವಿಚಿತ್ರ ಕಾಯಿಲೆ ಇದೆ. ವರ್ಷಕ್ಕೆ ಓಡೋದು ಕಡಿಮೆ, ಬಟನ್ ಸವೆಯಲ್ಲ, ಹಾಗಾಗಿ "ಇನ್ನೂ ಹೊಸದಿದೆ" ಅಂತ ಎಂಟು ವರ್ಷ ಓಡಿಸ್ತೀವಿ. ಅಷ್ಟರಲ್ಲಿ ರಬ್ಬರು ಬಿಸಿಲಿಗೆ ಗಟ್ಟಿಯಾಗಿ ಚಪ್ಪಲಿ ಅಟ್ಟೆ ಥರ ಆಗಿರುತ್ತೆ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರೋ ಸಣ್ಣ ಚೌಕಟ್ಟು ಹುಡುಕಿ. 2318 ಅಂತ ಇದ್ರೆ 2018ನೇ ಇಸವಿಯ 23ನೇ ವಾರ ತಯಾರಾದದ್ದು. ಆರು ವರ್ಷ ದಾಟಿದ್ರೆ, ಬಟನ್ ಎಷ್ಟೇ ಇರಲಿ, ಗೋಡೆಯಲ್ಲಿ ಬಿರುಕು ಬಿಟ್ಟಿದೆಯಾ ನೋಡಿ, ಬದಲಿಸೋ ಯೋಚನೆ ಮಾಡಿ. ಅಂಗಡಿಯಲ್ಲಿ ಹೊಸ ಟೈರು ಕೊಳ್ಳುವಾಗಲೂ ಇದೇ ಅಂಕಿ ನೋಡಿ, ಮೂಲೆಯಲ್ಲಿ ಮೂರು ವರ್ಷ ಬಿದ್ದಿದ್ದನ್ನ ರಿಯಾಯಿತಿ ಅಂತ ಕೊಡೋದುಂಟು. ಬಟನ್ನಿನ ಗೆರೆಗಳ ಒಳಗೆ ಅಲ್ಲಲ್ಲಿ ಸಣ್ಣ ಉಬ್ಬು ಇರುತ್ತೆ, ಟೈರು ಸವೆದು ಅದರ ಮಟ್ಟಕ್ಕೆ ಬಂದ್ರೆ ಉಳಿದಿರೋದು 1.6 ಮಿಲಿಮೀಟರ್, ಬದಲಿಸಲೇಬೇಕು. ನಮ್ಮ ಮಳೆಗೆ ಅಲ್ಲಿಯವರೆಗೆ ಕಾಯಬಾರದು ಅನ್ನೋದು ನನ್ನ ಅಭಿಪ್ರಾಯ. ನಾನು 3 ಮಿಲಿಮೀಟರಿಗೇ ತೆಗೀತೀನಿ.

ಗಾಳಿಯ ವಿಷಯ ಬಿಟ್ಟಿಗೇ ಸಿಗೋ ಲಾಭ. ಮಣ್ಣು ರಸ್ತೆಗೆ ಇಳಿಯೋ ಮುಂಚೆ ಇಪ್ಪತ್ತು ಇಪ್ಪತ್ತೆರಡು ಪಿಎಸ್‌ಐಗೆ ಇಳಿಸಿದ್ರೆ ಟೈರಿನ ಪಾದ ಅಗಲವಾಗಿ ಎಟಿ ಟೈರೂ ಚೆನ್ನಾಗಿ ಹಿಡಿಯುತ್ತೆ. ಆದ್ರೆ ಟಾರಿಗೆ ಬಂದ ತಕ್ಷಣ ಮತ್ತೆ ತುಂಬಬೇಕು. ಕಡಿಮೆ ಗಾಳಿಯಲ್ಲಿ ವೇಗವಾಗಿ ಓಡಿಸಿದ್ರೆ ಟೈರು ಕಾದು ಒಡೆಯುತ್ತೆ, ತಿರುವಲ್ಲಿ ರಿಮ್ಮಿನಿಂದ ಕಳಚಿಕೊಳ್ಳಬಹುದು. ಸಿಗರೇಟ್ ಲೈಟರಿನ ಜಾಗಕ್ಕೆ ಸಿಕ್ಕಿಸೋ ಸಣ್ಣ ಕಂಪ್ರೆಸರ್ ಇಲ್ಲದವರು ಗಾಳಿ ಇಳಿಸೋ ಕೆಲಸಕ್ಕೇ ಹೋಗಬೇಡಿ.

ಮಡ್ ಟೈರ್ ಯಾರಿಗೂ ಬೇಡ ಅಂತ ನಾನು ಹೇಳ್ತಿಲ್ಲ. ಕಾಡಿನ ಅಂಚಿನಲ್ಲಿ ಮನೆ, ಐದಾರು ಕಿಲೋಮೀಟರ್ ಮಣ್ಣು ರಸ್ತೆ, ಕಲ್ಲು ಹಾಕಿಸೋಕೆ ಅದು ನಿಮ್ಮ ಜಾಗ ಅಲ್ಲ, ರಾತ್ರಿ ಮಗುವಿಗೆ ಜ್ವರ ಬಂದ್ರೆ ಅದೇ ಜೀಪೇ ಗತಿ. ಅಂಥವರಿಗೆ ಹೂತುಕೊಳ್ಳೋದೇ ದೊಡ್ಡ ಅಪಾಯ. ಅವರು ಹಾಕಿಸಲಿ. ಸಾಧ್ಯವಾದ್ರೆ ಹಳೇ ಕಬ್ಬಿಣದ ರಿಮ್ ನಾಲ್ಕು ಹುಡುಕಿ ಅದಕ್ಕೇ ಮಡ್ ಟೈರ್ ಕೂರಿಸಿ, ಜೂನಲ್ಲಿ ಹಾಕಿ ಅಕ್ಟೋಬರಲ್ಲಿ ತೆಗೆಯಲಿ. ಹಿಮದ ದೇಶದವರು ಮಾಡೋದು ಅದನ್ನೇ. ಆಗ ಎರಡೂ ಜೊತೆ ಟೈರು ಜಾಸ್ತಿ ವರ್ಷ ಬಾಳುತ್ತೆ. ಟಾರಿಗೆ ಬಂದಾಗ ಮಾತ್ರ ಮೂವತ್ತು ಮೂವತ್ತೈದರ ಮೇಲೆ ಹೋಗದೆ, ಮುಂದಿನ ಗಾಡಿಯಿಂದ ಎರಡರಷ್ಟು ದೂರ ಇಟ್ಟುಕೊಂಡು ಬರಬೇಕು. ತಮ್ಮ ಟೈರಿನ ಗುಣ ಗೊತ್ತಿದ್ದು ಓಡಿಸೋರ ಬಗ್ಗೆ ನನಗೆ ತಕರಾರಿಲ್ಲ. ಪೇಟೆ ಬೀದಿಯಲ್ಲಿ ಸುತ್ತೋಕೆ, ಫೋಟೋಗೆ ಚೆನ್ನಾಗಿ ಕಾಣುತ್ತೆ ಅಂತ ಹಾಕಿಸಿ, ಅದೇ ಗಾಡಿ ಹಿಂದೆ ಆಳುಗಳನ್ನ ತುಂಬಿಕೊಂಡು ಘಾಟಿ ಇಳಿಯೋರ ಬಗ್ಗೆ ಇದೆ.

ಆಳುಗಳ ಮಾತು ಬಂತು. ಹಿಂದೆ ಕೂತವರಿಗೆ ಬೆಲ್ಟ್ ಇಲ್ಲ, ಹಿಡಿದುಕೊಳ್ಳೋಕೆ ಕಂಬಿ ಬಿಟ್ರೆ ಏನೂ ಇಲ್ಲ. ಟೈರಿಗೆ ನಲವತ್ತು ಸಾವಿರ ಕೊಡೋ ನಾವು ಡ್ರಮ್ ಕಟ್ಟೋಕೆ ಇನ್ನೂರು ರೂಪಾಯಿಯ ಹಗ್ಗ ತಗೊಳ್ಳಲ್ಲ. ಪಂಪು, ಡ್ರಮ್ಮು, ದೋಟಿ, ಗ್ಯಾಸ್ ಸಿಲಿಂಡರ್, ಏನೇ ಇರಲಿ, ನಾಲ್ಕು ಮೂಲೆಗೆ ಬಿಗಿಯಾಗಿ ಕಟ್ಟಿ. ಅರ್ಧ ತುಂಬಿದ ಡ್ರಮ್ಮು ಪೂರ್ತಿ ತುಂಬಿದ್ದಕ್ಕಿಂತ ಕೆಟ್ಟದ್ದು, ಬ್ರೇಕ್ ಹಾಕಿದಾಗ ಒಳಗಿನ ನೀರು ನುಗ್ಗಿ ಡ್ರಮ್ಮನ್ನೇ ತಳ್ಳುತ್ತೆ. ಔಷಧಿ ಉಳಿಯದ ಹಾಗೆ ಅಳೆದು ಕಲಸಿಕೊಂಡ್ರೆ ಆ ತಾಪತ್ರಯವೂ ಇಲ್ಲ. ಸಾಮಾನು ಇದ್ದ ಟ್ರಿಪ್ಪಲ್ಲಿ ಜನ ಬೇಡ, ಇನ್ನೊಂದು ಸಲ ಬನ್ನಿ. ಹೆಚ್ಚಂದ್ರೆ ಒಂದು ಲೀಟರ್ ಡೀಸೆಲ್.

ನಾನು ಆ ಮಡ್ ಟೈರುಗಳನ್ನ ಮರುವರ್ಷವೇ ಮಾರಿದೆ, ಅರ್ಧ ಬೆಲೆಗೆ. ಕೊಂಡವನಿಗೆ ಇದನ್ನೆಲ್ಲ ಹೇಳಿಯೇ ಕೊಟ್ಟೆ. ಅವನದ್ದು ಕಾಡಂಚಿನ ಮನೆ. ಈಗ ನನ್ನ ಗಾಡಿಗೆ ಕಂಪನಿ ಅಳತೆಯ ಎಟಿ ಟೈರ್ ಇದೆ, ಹಿಂದಿನ ಪೆಟ್ಟಿಗೆಯಲ್ಲಿ ಗೋಣಿಚೀಲದಲ್ಲಿ ನಾಲ್ಕು ಚೈನ್. ಹೋದ ಮಳೆಗಾಲದಲ್ಲಿ ಚೈನ್ ಹಾಕಿದ್ದು ಐದೋ ಆರೋ ದಿನ, ರಸ್ತೆ ಸರಿ ಮಾಡಿದ ಮೇಲೆ ಅಷ್ಟೇ ಬೇಕಾಗಿದ್ದು. ಔಷಧಿ ಹೊಡೆಯೋಕೆ ಈಗಲೂ ಅದೇ ಕೊನೆಗಾರರು ಬರ್ತಾರೆ. ಮರ ಹತ್ತೋದು ಕಡಿಮೆ ಮಾಡಿದ್ದಾರೆ, ಮಗ ಹತ್ತುತ್ತಾನೆ, ಇವರು ಕೆಳಗೆ ಪಂಪ್ ನೋಡಿಕೊಳ್ತಾರೆ. ಮನೆಗೆ ಬಿಡುವಾಗ ಮುಂದಿನ ಸೀಟಲ್ಲಿ ಕೂರ್ತಾರೆ. ಹತ್ತೋ ಮುಂಚೆ ಹಿಂದೆ ಹೋಗಿ ಡ್ರಮ್ಮಿನ ಹಗ್ಗ ಒಂದು ಸಲ ತಾವೇ ಎಳೆದು ನೋಡ್ತಾರೆ. ನಾನು ಸುಮ್ಮನೆ ಕಾಯ್ತೀನಿ.